ಕೀಲಿಮಣೆಯಲ್ಲಿ ಇಲ್ಲದ ಚುಕ್ಕಿ

ದಕ್ಷಿಣ ಕೊರಿಯಾದ ಜೆಜು ದ್ವೀಪದ ಮೂಡಣ ದಂಡೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಜ್ವಾ ಮಿನ್‌ಸುಕ್ ತಮ್ಮ ಟೈಪಿಂಗ್ ಅಂಗಡಿಯ ಬಾಗಿಲು ತೆಗೆಯುವ ಮೊದಲೇ, ಕಿತ್ತಳೆ ತೋಟದ ಮುದುಕ ಮುನ್ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದಾರೆ.

"ನೋಡಮ್ಮ, ನಾನು ಕೊರಿಯನ್ ಒತ್ತಿದ್ರೆ ಇದು ಇಂಗ್ಲಿಷ್ ಕಕ್ತಿದೆ. ದೆವ್ವ ಹೊಕ್ಕಿದೆ!"

ಭಾಷೆ ಬದಲಿಸುವ ಕೀಲಿಯ ಸಂದಿಯಿಂದ ಮಿನ್‌ಸುಕ್ ಒಣಗಿದ ಸಿಪ್ಪೆಯ ಚೂರೊಂದನ್ನು ಪಿನ್ನಿನಿಂದ ಎಬ್ಬಿಸುತ್ತಾರೆ. "ದೆವ್ವ ಅಲ್ಲ ಸಮ್‌ಚುನ್, ನಿಮ್ಮದೇ ಕಿತ್ತಳೆ." ಇಲ್ಲಿ ಹಿರಿಯರು ಗಂಡಸಾಗಲಿ, ಹೆಂಗಸಾಗಲಿ, ಎಲ್ಲರಿಗೂ ಸಮ್‌ಚುನ್.

ಫೋನಿನಲ್ಲೇ ಎಲ್ಲರೂ ಬರೆಯತೊಡಗಿದ ಮೇಲೆ ಅಂಗಡಿ ಸೊರಗಿತು. ವರ್ಷಗಟ್ಟಲೆ ಟೈಪ್ ಮಾಡಿ ಬಂದ ಮಣಿಕಟ್ಟಿನ ನೋವು ಮಾತ್ರ ಮಿನ್‌ಸುಕ್‌ರನ್ನು ಬಿಡಲಿಲ್ಲ. "ಪ್ರವಾಸಿಗರಿಗೆ ಕಾಫಿ ಅಂಗಡಿ ಹಾಕು ಅಂದ್ರು. ಕಾಫಿ ವಾಸನೆಗೇ ನನ್ನ ಎದೆ ಹೊಡ್ಕೊಳುತ್ತೆ!" ಎಂದು ನಗುತ್ತಾರೆ.

ಅಂಗಡಿ ಮುಚ್ಚದೇ ಇದ್ದದ್ದರ ಬೆಲೆ ಊರಿಗೆ ತಿಳಿದದ್ದು ಈ ವರ್ಷ. ಕಡಲಿಗೆ ಮುಳುಗಿ ಚಿಪ್ಪು ಆಯುವ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯರಾದ ಹ್ಯೊನ್ ಚುನೊಕ್, ಇನ್ನು ನೀರಿಗಿಳಿಯುವುದಿಲ್ಲ ಎಂದುಬಿಟ್ಟರು. ನೀರಡಿಯ ಬಂಡೆಗಳ ಹೆಸರೆಲ್ಲ ಇದ್ದದ್ದು ಅವರ ಬಾಯಲ್ಲಿ ಮಾತ್ರ. ಅವರು ಹೇಳಿದ್ದನ್ನು ಮಿನ್‌ಸುಕ್ ಟೈಪ್ ಮಾಡಿದರು. ದಂಡೆಯಲ್ಲಿ ನಿಲ್ಲಿಸಲು ಫಲಕ ಬರೆಸುವುದೆಂದಾಯಿತು.

ಜೆಜು ಮಾತಿನಲ್ಲಿ 'ಅ'ಕ್ಕೂ 'ಒ'ಕ್ಕೂ ನಡುವಿನ ಒಂದು ದನಿಯಿದೆ. ಬರೆಯುವಾಗ ಅದಕ್ಕೊಂದು ಚುಕ್ಕಿ. ಮಾಮೂಲಿ ಕೀಲಿಮಣೆಯಲ್ಲಿ ಆ ಚುಕ್ಕಿ ಇಲ್ಲ. ಮಿನ್‌ಸುಕ್ ಹಳೆಯ ಲಿಪಿಯ ತಂತ್ರಾಂಶ ಹಾಕಿಕೊಂಡು ಅದನ್ನು ಮೂಡಿಸಿದ್ದರು. ಆದರೆ ಪಟ್ಟಣದ ಮುದ್ರಣಾಲಯದಲ್ಲಿ ಅಕ್ಷರ ಒಡೆದು ಚೂರಾಯಿತು. ಅಲ್ಲಿಯವರು ಹತ್ತಿರದ ಇನ್ನೊಂದು ಸ್ವರ ಹಾಕಿ ಅಚ್ಚು ಹಾಕಿದರು. ಆ ಒಂದು ಸ್ವರ ಬದಲಾದದ್ದಕ್ಕೆ ಚಂದ್ರ ಎಂಬ ಮಾತು ಕಲ್ಲು ಎಂದಾಗಿ, 'ಚಂದ್ರನ ಬಂಡೆ' ಹೋಗಿ 'ಕಲ್ಲಿನ ಬಂಡೆ' ಆಯಿತು.

ಚುನೊಕ್ ಕೆಂಡವಾದರು. "ಬಂಡೆ ಕಲ್ಲಿಂದಲ್ದೆ ಬೆಣ್ಣೆಯಿಂದ ಆಗಿರುತ್ತಾ? ಹುಣ್ಣಿಮೆ ದಿನ ಕಡಲು ಇಳಿದಾಗ ಮಾತ್ರ ತಲೆ ಎತ್ತುತ್ತೆ ಅಂತ ಅವ್ವ ಇಟ್ಟ ಹೆಸರು ಅದು. ಈ ಹಲಗೇನ ಹಂದಿಗೂಡಿಗೆ ಬಾಗಿಲು ಮಾಡ್ಕೊಳ್ಳಿ!"

ತಮ್ಮ ಯಂತ್ರದಲ್ಲಿ ಸರಿಯಿದ್ದದ್ದು ಅಲ್ಲಿ ಯಾಕೆ ಒಡೆಯಿತೆಂದು ಮಿನ್‌ಸುಕ್ ಊಟ ಮರೆತು ಹುಡುಕಿದರು. ಮುದ್ರಣಾಲಯದ ಅಕ್ಷರಶೈಲಿಯಲ್ಲಿ ಆ ಚುಕ್ಕಿಯೇ ಇರಲಿಲ್ಲ. "ಅಕ್ಷರವಾಗಿ ಕಳಿಸಿದ್ರೆ ತಾನೇ ಒಡೆಯೋದು? ಹೆಸರುಗಳನ್ನೆಲ್ಲ ಚಿತ್ರ ಮಾಡಿ ಕಳಿಸಿದೆ. ಈಗ ಯಾವ ಯಂತ್ರಾನೂ ಮುಟ್ಟೋ ಹಾಗಿಲ್ಲ."

ಹೊಸ ಫಲಕ ಈಗ ದಂಡೆಯಲ್ಲಿದೆ. ರಾಜಧಾನಿ ಸೋಲ್‌ನಿಂದ ಬಂದು ಮುಳುಗುವುದನ್ನು ಕಲಿಯುತ್ತಿರುವ ಹೆಂಗಸೊಬ್ಬಳು ಅದನ್ನು ಓದುತ್ತಾಳೆ. ಆ ದನಿಗೆ ಅವಳ ನಾಲಿಗೆ ಹೊರಳದು. "ಬಾಯಿ ದುಂಡಗೆ ಮಾಡೇ, ತೀರಾ ದುಂಡಗಲ್ಲ!" ಎಂದು ಚುನೊಕ್ ಕೂತಲ್ಲಿಂದಲೇ ಗದರುತ್ತಾರೆ. ಅವಳು ಮತ್ತೆ ಓದುತ್ತಾಳೆ.

ಫಲಕದಲ್ಲಿ ಮಿನ್‌ಸುಕ್ ಹೆಸರಿಲ್ಲ. ಕೇಳಿದರೆ ಕೈ ಆಡಿಸಿಬಿಡುತ್ತಾರೆ. "ತಪ್ಪು ಓದಿದ್ರೆ ತಿದ್ದೋಕೆ ಚುನೊಕ್ ಸಮ್‌ಚುನ್ ಇದ್ದಾರೆ. ಅವ್ರು ಇಲ್ದಿರೋ ಕಾಲಕ್ಕೂ ಚುಕ್ಕಿ ಅಲ್ಲಿರ್ಬೇಕಲ್ಲ, ಅಷ್ಟು ಮಾಡಿದೀನಿ."