ಚಿತ್ರದಲ್ಲಿರದ ಬಾಣ

ಮೊನ್ನೆ ಮುಂಬೈಯ ಮುಲುಂಡ್‌ನ ನಮ್ಮ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಯಾರೋ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದರು. ಆ ಸ್ಪಿರಿಟ್ಟಿನ ಘಾಟಿಗೆ ದಾದರ್‌ನ ಹಳೆಯ ಆಫೀಸು ನೆನಪಾಯಿತು. ಅದರ ಹಿಂದೆಯೇ ನಮ್ಮ ತಂಡದ ಮುಖ್ಯಸ್ಥೆಯಾಗಿದ್ದ ಅವರು. ಆಫೀಸಿಗೆಲ್ಲ ಅವರು ಮೇಡಂ. ಅವರು ಧಾರವಾಡದವರಾದ್ದರಿಂದ, ಕನ್ನಡಿಗರಾದ ನಾನೂ ವಿಜಯಪುರದ ಗೆಳೆಯನೊಬ್ಬನೂ ಮಾತ್ರ, ಊರಿನ ಶಾಲೆಯಲ್ಲಿ ಟೀಚರನ್ನು ಕರೆದಂತೆ, ಅಕ್ಕೋರು ಎನ್ನುತ್ತಿದ್ದೆವು.

ನಾವು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಕೋಡ್ ಬರೆಯುವ ಮೊದಲು ವಿನ್ಯಾಸವನ್ನು ಬಿಳಿ ಹಲಗೆಯ ಮೇಲೆ ಬಿಡಿಸಿ ಎಲ್ಲರೂ ಪರಿಶೀಲಿಸಬೇಕು. ಅಲ್ಲಿ ಅಕ್ಕೋರದು ಒಂದು ಕಟ್ಟಳೆ: ಚಿತ್ರ ಬಿಡಿಸಿದವರು ತುಟಿ ಬಿಚ್ಚಬಾರದು, ಬೇರೊಬ್ಬರು ಅದನ್ನು ಓದಿ ಹೇಳಬೇಕು. ನನಗದು ಮಕ್ಕಳ ಆಟದಂತೆ ಕಾಣುತ್ತಿತ್ತು... ಅಥವಾ ಹಾಗೆ ಕಂಡಿತ್ತೆಂದು ಈಗ ಅಂದುಕೊಳ್ಳುತ್ತಿದ್ದೇನೋ.

ಒಂದು ಶುಕ್ರವಾರ ಸಂಜೆ ಅವರದೇ ವಿನ್ಯಾಸದ ಸರದಿ. ಐಸಿಯುವಿನಲ್ಲಿ ರೋಗಿಯ ಉಸಿರು ಏರುಪೇರಾದರೆ ಯಾರ ಫೋನಿಗೆ ಎಚ್ಚರಿಕೆ ಹೋಗಬೇಕು ಎಂಬುದು ವಿಷಯ. ವಾರವಿಡೀ ಚಹಾದ ಹೊತ್ತಿನಲ್ಲಿ ನಮಗೆಲ್ಲ ಅದನ್ನೇ ವಿವರಿಸಿದ್ದರು. ಕಂಪನಿಯ ಸಾಹೇಬರು ಬಾಗಿಲಲ್ಲೇ ನಿಂತು, “ಮೇಡಂ, ಆಪ್‌ಕಾ ಡಿಸೈನ್ ಹೈ, ಕ್ಯಾ ದೇಖ್ನಾ? ಸಬ್‌ಕೋ ಲೋಕಲ್ ಪಕಡ್ನಾ ಹೈ,” ಎಂದರು. ಮೇಡಂ ವಿನ್ಯಾಸದಲ್ಲಿ ನೋಡುವುದೇನಿದೆ, ಲೋಕಲ್ ರೈಲು ಹಿಡಿದರಾಯಿತು ಎಂಬಂತೆ ಎಲ್ಲರೂ ತಲೆಯಾಡಿಸಿದರು.

ಅಕ್ಕೋರು ಗೆಳೆಯನ ಕಡೆ ತಿರುಗಿದರು. “ನಂದೈತಿ ಅಂತನ ಓದಬೇಕು. ಏಳು.”

ಅವನು ದೂರದ ಬೊರಿವಲಿಗೆ ಹೋಗಬೇಕಾದವನು. ಬ್ಯಾಗು ಆಗಲೇ ಹೆಗಲಿಗೇರಿತ್ತು. “ತಪ್ಪಾದ್ರ ಬೆಂಚಿನ ಮ್ಯಾಲ ನಿಂದರಸ್ತೀರೇನ್ರಿ ಅಕ್ಕೋರ?”

“ಹೂಂ, ನಿಂದರಸ್ತೀನಿ. ಓದು.”

ಎಚ್ಚರಿಕೆಯ ದಾರಿ ತೋರುವ ಬಾಣಗಳ ಮೇಲೆ ಬೆರಳಿಟ್ಟು ಓದಿದ. ಮೊದಲು ಹತ್ತಿರದ ನರ್ಸ್. ಆಕೆ ಉತ್ತರಿಸದಿದ್ದರೆ ಇನ್ನೊಬ್ಬಾಕೆ. ಆಕೆಯೂ ಉತ್ತರಿಸದಿದ್ದರೆ ಡಾಕ್ಟರ್... ಎಂದವನ ಬೆರಳು ನಿಂತಿತು. ಡಾಕ್ಟರಿಗೆ ಹೋಗುವ ಬಾಣವೇ ಹಲಗೆಯ ಮೇಲಿರಲಿಲ್ಲ. ಚಿತ್ರದಂತೆ ಕೋಡ್ ಬರೆದಿದ್ದರೆ ಎಚ್ಚರಿಕೆ ಅಲ್ಲೇ ಸತ್ತುಹೋಗುತ್ತಿತ್ತು. ರೋಗಿಯ ಬಳಿಗೆ ಯಾರೂ ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ಕೇಳಿ ಕೇಳಿ ನಾವೆಲ್ಲ ಇಲ್ಲದ ಬಾಣವನ್ನು ಕಂಡಿದ್ದೆವು. ಅವರೂ ಕಂಡಿದ್ದರು.

ಅಕ್ಕೋರ ಮುಖ ಬಿಳಿಚಿಕೊಂಡಿತೆಂದು ನನ್ನ ನೆನಪು. ನಕ್ಕರೆಂದೇ ಗೆಳೆಯ ಹೇಳುತ್ತಾನೆ. ಆಡಿದ ಮಾತಿನ ಬಗ್ಗೆ ಮಾತ್ರ ನಮ್ಮಲ್ಲಿ ಭೇದವಿಲ್ಲ: “ನನ್ನ ಬಾಯಾಗ ಇತ್ತು ಅದು, ಹಲಗಿ ಮ್ಯಾಲಲ್ಲ. ಹೇಳಾಕ ನಾ ಏನ್ ಆಸ್ಪತ್ರ್ಯಾಗ ಕುಂತಿರ್ತೀನೇನು?”

ಕಳೆದ ವರ್ಷ ಅವರು ತೀರಿಕೊಂಡರು. ನನಗೆ ತಡವಾಗಿ ತಿಳಿಯಿತು... ಈಗ ನಮ್ಮ ಪರಿಶೀಲನೆಗಳು ಲ್ಯಾಪ್‌ಟಾಪಿನಲ್ಲೇ ನಡೆಯುತ್ತವೆ. ವಿನ್ಯಾಸ ಮಾಡಿದವರೇ ವಿವರಿಸುತ್ತಾರೆ, ಸೊಗಸಾಗಿಯೇ. ಉಳಿದವರು ಮೈಕ್ ಬಂದ್ ಮಾಡಿ ಕೇಳುತ್ತೇವೆ. ಎಲ್ಲವೂ ಸ್ಪಷ್ಟವಾಗಿದೆ ಅನ್ನಿಸಿದ ಹೊತ್ತಿಗೇ, ‘ಓದು’ ಎನ್ನಲು ಅಕ್ಕೋರಿಲ್ಲವೆಂಬುದು ತಿಳಿಯುತ್ತದೆ.