ಮಾವನವರ ಟ್ರೇಲರ್ ಮತ್ತು ನಾನು ಕದ್ದ ಬಾಗಿಲು

ನಮ್ಮ ಮಾವನವರು ಯಾವುದನ್ನೂ ಬಿಸಾಡುತ್ತಿರಲಿಲ್ಲ. ಗುಜರಿಯಿಂದ ತಂದ ಜೀಪಿನ ಆಕ್ಸೆಲ್ಲು, ಯಾರದೋ ಕಿಟಕಿಯ ಸರಳು, ಎಲ್ಲೆಲ್ಲಿಂದಲೋ ಆಯ್ದ ಹಲಗೆ, ಇವನ್ನೆಲ್ಲ ಸೇರಿಸಿ ನಾನು ಸೊಸೆಯಾಗಿ ಬಂದ ವರ್ಷ ತಾವೇ ಒಂದು ಟ್ರೇಲರ್ ಮಾಡಿದರು. ಟಿಲ್ಲರ್ ಹಿಂದೆ ಕಟ್ಟಿದರೆ ಅದು ಹಿಪ್ಪುನೇರಳೆ ಸೊಪ್ಪು, ಗೊಬ್ಬರ, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು, ಏನನ್ನಾದರೂ ಹೊರುತ್ತಿತ್ತು. ಅವರು ಹೋದ ಮೇಲೆ ಅದು ನಮ್ಮ ಪಾಲಿಗೆ ಬಂತು. ಭಾವನವರಿಗೆ ಅದು ಬೇಡವಾಗಿತ್ತು. ಅವರ ಹೆಂಡತಿಗೆ, ಅಂದರೆ ನಾನು ಅಕ್ಕ ಎಂದು ಕರೆಯುವ ಹಿರಿಯ ಓರಗಿತ್ತಿಗೆ, ಬೇಕಾಗಿದ್ದದ್ದು ಹಳೇ ಮನೆಯ ತೇಗದ ಬಾಗಿಲು.

ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟಿದಾಗ ಅದನ್ನು ಬಿಚ್ಚಿ ಕೊಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಪಾಲಾಗುವ ದಿನ ಹುಡುಕಿದರೆ ಇಲ್ಲ. ಅಕ್ಕ ಆ ಬಾಗಿಲಲ್ಲೇ ಸೇರು ಒದ್ದು ಒಳಗೆ ಬಂದವರು. ನಾನು ಬಂದದ್ದು ಹೊಸ ಮನೆಗೆ. ಆ ಬಾಗಿಲನ್ನು ಕಣ್ಣಾರೆ ಕಂಡವಳೇ ಅಲ್ಲ. ಆದರೂ ಕದ್ದವಳು ನಾನೇ ಎಂದು ತೀರ್ಮಾನವಾಯಿತು. "ಟ್ರೇಲರ್‌ನಲ್ಲಿ ಹಾಕ್ಕೊಂಡು ಕೆಂಚಾರ್ಲಹಳ್ಳಿಗೆ ಸಾಗಿಸಿದ್ಲು" ಎಂದು, ನನ್ನ ತವರಿನ ಹೆಸರು ಹಿಡಿದು, ಅಕ್ಕ ತಾವಿರುವ ಮಂಚೇನಹಳ್ಳಿಯಲ್ಲಿ ಹೇಳದ ಮನೆಯಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಲೋಟ ನೀರನ್ನೂ ಮುಟ್ಟಲಿಲ್ಲ. ಹಬ್ಬಕ್ಕೆ ಬಂದರೆ ದೇವರಿಗೆ ಕೈಮುಗಿದು, ತಾವೇ ತಂದ ಬಾಟಲಿಯ ನೀರು ಕುಡಿದು ಹೊರಡುತ್ತಿದ್ದರು. ಬರುತ್ತಿದ್ದರಲ್ಲ, ಅದೇ ದೇವರ ದಯೆ ಎಂದುಕೊಳ್ಳುತ್ತಿದ್ದೆ.

ಹೋದ ಬೇಸಿಗೆಯಲ್ಲಿ ನಮ್ಮವರಿಗೆ ಇದ್ದಕ್ಕಿದ್ದಂತೆ ಪಿತೃಭಕ್ತಿ ಉಕ್ಕಿತು. ಮೂಲೆ ಸೇರಿದ್ದ ಟ್ರೇಲರ್‌ನ ತುಕ್ಕು ಉಜ್ಜಿದರು, ಹೊಸ ಟೈರ್ ತಂದರು, ಹಸಿರು ಬಣ್ಣ ಬಳಿದರು. ನನ್ನ ಅಡುಗೆಮನೆಯ ನಲ್ಲಿ ಅದಕ್ಕೂ ಮೊದಲಿನಿಂದ ಸೋರುತ್ತಿತ್ತು. ಪಾಪ, ಅದು ಅವರ ತಂದೆ ಮಾಡಿದ ನಲ್ಲಿ ಅಲ್ಲವಲ್ಲ. ಕೊನೆಗೆ ಟ್ರೇಲರ್ ತಳದ ತೂತುಬಿದ್ದ ತಗಡನ್ನು ಕಿತ್ತರು.

"ಏನೇ, ಬಾರೇ ಇಲ್ಲಿ!"

ದನಿ ಕೇಳಿ ಹಾವೇ ಬಂತೇನೋ ಎಂದು ಓಡಿದೆ. ತಗಡಿನ ಕೆಳಗೆ ತಾವರೆ ಹೂಗಳು. ಕೆತ್ತನೆಯ ಎರಡೂ ಕದಗಳು ಅಂಗಾತ ಮಲಗಿದ್ದವು. ಚಿಲಕ ಕಿತ್ತ ಗುರುತೂ ಹಾಗೇ ಇತ್ತು. ಲಕ್ಷ್ಮಿ ಬರುವ ಬಾಗಿಲಿನ ಮೇಲೆ ಇಷ್ಟು ವರ್ಷ ಗೊಬ್ಬರ ಹೊತ್ತಿದ್ದೆವು. ಅಕ್ಕ ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಟ್ರೇಲರ್ ನನ್ನ ತವರಿಗೆ ಹೋದಾಗಲೆಲ್ಲ ಬಾಗಿಲೂ ಹೋಗಿತ್ತು. ವಾಪಸ್ಸೂ ಬಂದಿತ್ತು, ಅಷ್ಟೇ.

"ಮೇಲೆ ಹೊಸ ತಗಡು ಹೊಡೆದ್ಬಿಡ್ತೀನಿ, ಯಾರಿಗೂ ಹೇಳ್ಬೇಡ" ಎಂದರು ನಮ್ಮವರು. "ಅತ್ತಿಗೆಗೆ ಗೊತ್ತಾದ್ರೆ ಕಿತ್ಕೊಂಡು ಹೋಗ್ತಾರೆ. ನನ್ ಟ್ರೇಲರ್‌ಗೆ ತಳಾನೇ ಇರಲ್ಲ."

"ರೀ, ಕಳ್ಳಿ ಅನ್ನಿಸ್ಕೊಂಡಿರೋದು ನಿಮ್ ಟ್ರೇಲರ್ ಅಲ್ಲ, ನಾನು" ಎಂದವಳೇ ಅಕ್ಕನಿಗೆ ಫೋನ್ ಮಾಡಿದೆ.

ಮಾರನೇ ದಿನ ಬೆಳಗಿನ ಬಸ್ಸಿಗೇ ಬಂದರು. ಚಪ್ಪಲಿ ಬಿಟ್ಟು, ಸೆರಗಿನಿಂದ ಒಂದು ಹೂವನ್ನು ಒರೆಸಿದರು. ಅದರ ಒಂದು ದಳ ಮುರಿದಿತ್ತು.

"ಇದೇ ಕಣೇ. ಮದುವೆಯಾಗಿ ಒಳಕ್ಕೆ ಬರೋವಾಗ ನನ್ ಬಳೆ ತಗುಲ್ಕೊಂಡಿದ್ದು ಇಲ್ಲೇ."

ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಕಾದೆ. ಈಗ ಹೇಳುತ್ತಾರೆ, ತಪ್ಪಾಯಿತು ಎನ್ನುತ್ತಾರೆ.

"ಮಾವನೋರು ಹಾಕವ್ರೆ ಅಂದ್ರೆ ಏನೋ ಕಾರಣ ಇರುತ್ತೆ ಬಿಡಮ್ಮ" ಎಂದರು. "ದೊಡ್ಡೋರು."

ನಾನು ಮಾಡಿದ್ದರೆ ಕಳ್ಳತನ, ಮಾವನವರು ಮಾಡಿದರೆ ಕಾರಣ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಊಟ ಮಾಡ್ಕೊಂಡು ಹೋಗಕ್ಕಾ" ಎಂದೆ.

ಅವರು ಅಡುಗೆಮನೆಯ ಕಡೆ ಕತ್ತು ಚಾಚಿದರು. "ಏನ್ ಮಾಡಿದ್ದೀಯ?"

"ಮುದ್ದೆ, ಬಸ್ಸಾರು."

"ಒಂದೇ ಮುದ್ದೆ ಇಡು. ಚಿಕ್ಕದು."

ಎರಡು ಉಂಡರು. ಸಾರಿಗೆ ಖಾರ ಸಾಲದು ಎಂದೂ ಹೇಳಿದರು.

ಬಾಗಿಲು ಮಂಚೇನಹಳ್ಳಿಗೆ ಹೋಯಿತು. ನಮ್ಮವರು ಟ್ರೇಲರ್‌ಗೆ ಕಬ್ಬಿಣದ ತಳ ಹಾಕಿಸಿ, ಒಂದು ವಾರ ಮುಖ ಊದಿಸಿಕೊಂಡು ಓಡಾಡಿದರು. ಅಲ್ಲಿ ಅಕ್ಕ ಕೇಳಿದವರಿಗೆಲ್ಲ, "ನಾನೇ ಪತ್ತೆ ಮಾಡಿ ತಂದೆ" ಎನ್ನುತ್ತಿದ್ದಾರಂತೆ. ಹೇಳಿಕೊಳ್ಳಲಿ. ಹೋದ ಶುಕ್ರವಾರ ಬಂದವರು, ನಾನು ಕರೆಯುವ ಮೊದಲೇ ತಟ್ಟೆಯ ಮುಂದೆ ಕೂತರು.