ಮಾವ ನಿಜ ಹೇಳಿದ ದಿನ

ಹೋದ ತಿಂಗಳು ಮಗಳ ಕಾಲುಗೆಜ್ಜೆಯ ಕೊಂಡಿ ಕಿತ್ತುಬಂದಿತ್ತು. ಬೆಸುಗೆ ಹಾಕಿಸಲು ಸೇಲಂನ ಒಂದು ಓಣಿಯ ಅಂಗಡಿಯಲ್ಲಿ ಕೂತಿದ್ದೆ. ಕಾದ ಬೆಳ್ಳಿ, ಬಿಳಿಗಾರ, ಗ್ಯಾಸು ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ನನ್ನ ಸೋದರಮಾವನ ಅಂಗಿಯ ವಾಸನೆ ಅದು. ಅವನು ಹೋಗಿ ಹದಿನಾಲ್ಕು ವರ್ಷವಾಯಿತು... ನನ್ನ ಸಿಟ್ಟು ಮಾತ್ರ ಒಂದಿಷ್ಟೂ ಆರಿಲ್ಲ.

ಮಾವ ಅಮ್ಮನ ತಮ್ಮ. ಹರೂರಿನ ಕಡೆಯಿಂದ ಸೇಲಂಗೆ ಬಂದು, ಗೆಜ್ಜೆ ಮಾಡುವ ಕೆಲಸಕ್ಕೆ ಸೇರಿ, ನಮ್ಮ ಮನೆಯಲ್ಲೇ ಇದ್ದ. ಮದುವೆಯಾಗಿರಲಿಲ್ಲ. ಮುಗಿಸಿದ ಗೆಜ್ಜೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ. ಒಂದೇ ಒಂದು ಗೆಜ್ಜೆಗುಂಡಿನ ಸದ್ದು ಸರಿಯಿಲ್ಲದಿದ್ದರೂ ಹಲ್ಲುನೋವು ಬಂದವನಂತೆ ಮುಖ ಕಿವುಚುತ್ತಿದ್ದ. ನಾವು ಮಕ್ಕಳು ತಮಿಳಿನಲ್ಲಿ ಉತ್ತರ ಕೊಟ್ಟರೆ, "ಕನ್ನಡದಾಗೆ ಏಳ್ರೋ" ಎಂದು ಮುನಿಯುತ್ತಿದ್ದ.

ಅಂಥವನು ಬರಬರುತ್ತಾ ಮಾತೇ ಬಿಟ್ಟ. ಊಟ ಸೇರದು, ಸ್ನಾನ ಬೇಡ. ರಜೆ ಹಾಕಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಗಾಂಜಾ ಸೇದುತ್ತಾನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ನಾನು ಆಗ ಕಾಲೇಜಿನಲ್ಲಿದ್ದೆ. ಓದಿದವಳೆಂದು ಡಾಕ್ಟರ ಹತ್ತಿರ ನನ್ನನ್ನೇ ಜೊತೆಗೆ ಕಳಿಸಿದರು.

ಏನಾದರೂ ಕೆಟ್ಟ ಅಭ್ಯಾಸ ಇದೆಯೇ ಎಂದು ಡಾಕ್ಟರು ಕೇಳಿದರು. ಮಾವ ಸುಳ್ಳು ಹೇಳಲಿಲ್ಲ. ಎರಡು ವರ್ಷದಿಂದ ಗಾಂಜಾ ಸೇದುತ್ತೇನೆ, ಸೇದಿದಾಗ ಒಂದು ಗಳಿಗೆ ಎದೆ ಹಗುರಾಗುತ್ತದೆ, ಆಮೇಲೆ ಇನ್ನೂ ಕುಸಿಯುತ್ತೇನೆ, ಬದುಕುವುದೇ ಬೇಡ ಅನ್ನಿಸುತ್ತದೆ ಎಂದ. ಅಷ್ಟು ಮಾತನ್ನು ಅವನು ನಮ್ಮ ಮನೆಯಲ್ಲಿ ಯಾರ ಮುಂದೆಯೂ ಆಡಿರಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದೆಲ್ಲಾಂ ತಿಮಿರು!" ಎಲ್ಲ ಬರೀ ಕೊಬ್ಬು ಅಂತ. ಬಾಗಿಲು ತೆರೆದೇ ಇತ್ತು. ಪೊಲೀಸರಿಗೆ ಹಿಡಿದುಕೊಡಲೇ ಎಂದು ಕೂಗಾಡಿದ್ದು ಹೊರಗೆ ಟೋಕನ್ ಹಿಡಿದು ಕೂತವರಿಗೆಲ್ಲ ಕೇಳಿಸಿತು. ಬದುಕುವುದೇ ಬೇಡ ಎಂದ ಮಾತು ಮಾತ್ರ ಆ ಮನುಷ್ಯನ ಕಿವಿಗೆ ಬೀಳಲೇ ಇಲ್ಲ. ಶಕ್ತಿಯ ಮಾತ್ರೆ ಬರೆದು ಅಟ್ಟಿಬಿಟ್ಟ.

ಬಸ್ಸಿನಲ್ಲಿ ಮಾವ ಕೇಳಿದ, "ನಾನ್ ಏಳಿದ್ದು ತಪ್ಪಾ ಮಗಾ?"

ನಾನು ಕಿಟಕಿಯಾಚೆ ನೋಡುತ್ತ ಕೂತೆ...

ಕೆಲವು ತಿಂಗಳ ಮೇಲೆ ಇನ್ನೊಂದು ಆಸ್ಪತ್ರೆಗೆ ಹೊರಟಾಗ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದಳು. "ಓದ್ಸಲ ಮಾನ ಓಯ್ತು. ನಿಂಗೆ ಗಂಡು ನೋಡ್ತಾ ಇದೀವಿ. ಈ ಸಲ ಅದ್ರ ಮಾತೇ ಎತ್ತಬ್ಯಾಡ." ಮಾವನಿಗೂ ಅದೇ ಪಾಠ ಆಗಿತ್ತು.

ಈ ಡಾಕ್ಟರಮ್ಮ ಒಳ್ಳೆಯವರು. ತಾವೇ ಎದ್ದು ಬಾಗಿಲು ಮುಚ್ಚಿ ಬಂದು, ಅದೇ ಪ್ರಶ್ನೆಯನ್ನು ಮೆಲ್ಲಗೆ ಕೇಳಿದರು. ಮಾವ ನನ್ನ ಮುಖ ನೋಡಿದ. ನಾನು ಹೂಂ ಅಂದಿದ್ದರೆ ಹೇಳಿಬಿಡುತ್ತಿದ್ದ. "ಏನೂ ಇಲ್ಲ ಮೇಡಂ," ಎಂದೆ ನಾನು. ಅವನು ತಲೆ ತಗ್ಗಿಸಿದ. ಪಾಪ, ಅವರು ನನ್ನ ಸುಳ್ಳಿಗೆ ಔಷಧಿ ಬರೆದುಕೊಟ್ಟರು.

ಮಾವ ಆ ಔಷಧಿಯನ್ನು ಎರಡು ವಾರ ತೆಗೆದುಕೊಂಡು ನಿಲ್ಲಿಸಿಬಿಟ್ಟ. ಮತ್ತೆ ಯಾವ ಡಾಕ್ಟರ ಹತ್ತಿರವೂ ಬರಲು ಒಪ್ಪಲಿಲ್ಲ. ನಾಲ್ಕು ತಿಂಗಳಿಗೆ ತಾನೇ ತನ್ನ ಜೀವ ಕಳೆದುಕೊಂಡ. ನೆಂಟರಿಗೆಲ್ಲ ಎದೆನೋವು ಅಂದರು. ಸತ್ತ ಮೇಲೂ ಅವನಿಗೆ ಒಂದು ನಿಜ ಸಿಗಲಿಲ್ಲ. ಮುಂದಿನ ವರ್ಷ ನನ್ನ ಮದುವೆ ಆಯಿತು, ಯಾವ ಅಡ್ಡಿಯೂ ಇಲ್ಲದೆ.

ಈಗ ಕೆಲವು ತಿಂಗಳಿಂದ ನನಗೂ ನಿದ್ದೆಯಿಲ್ಲ. ಬೆಳಗಾದರೆ ಏಳಲು ಮನಸ್ಸಾಗುವುದಿಲ್ಲ. ಮೊನ್ನೆ ಡಾಕ್ಟರ ಹತ್ತಿರ ಹೋದೆ. ಬೇಡವೆಂದರೂ ಅಮ್ಮ ಜೊತೆಗೆ ಬಂದಳು. ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗೆ ಆಗಿತ್ತೇ ಎಂದು ಅವರು ಕೇಳಿ ಮುಗಿಸುವ ಮೊದಲೇ ಅಮ್ಮ, ಯಾರಿಗೂ ಇಲ್ಲ ಎಂದಳು.

"ಇತ್ತು," ಎಂದೆ. "ನಮ್ಮ ಸೋದರಮಾವನಿಗೆ. ಗಾಂಜಾ ಸೇದುತ್ತಿದ್ದ. ಸತ್ತಿದ್ದು ಎದೆನೋವಿನಿಂದಲ್ಲ."

ಅಮ್ಮ ಎದ್ದು ಹೊರಗೆ ಹೋದಳು. ಡಾಕ್ಟರು ಬರೆದುಕೊಂಡು, ಇನ್ನೊಂದು ಪ್ರಶ್ನೆ ಕೇಳಿದರು. ಅಷ್ಟೇ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವತ್ತು ಹೇಳಿದ್ದರೆ ಮಾವ ಉಳಿಯುತ್ತಿದ್ದನೋ ಇಲ್ಲವೋ, ಗೊತ್ತಿಲ್ಲ. ನಾನು ಹೇಳಲಿಲ್ಲ ಎಂಬುದು ಗೊತ್ತು.